ದಿನಕ್ಕೆ ಐದು ನಿಮಿಷ ಮುಂದೆ

ಜನವರಿ 9

ಭಾವ,

ನಾವು ಕ್ಷೇಮ, ನೀವು ಕ್ಷೇಮವೇ ಅಂತ ಶುರು ಮಾಡೋಕೆ ಹೊರಟಿದ್ದೆ. ನಿಮ್ಮ ಕಾಗದ ಇನ್ನೊಂದು ಸಲ ಓದಿದ ಮೇಲೆ ಬೇಡ ಅನ್ನಿಸ್ತು. ಎರಡು ತಿಂಗಳಿಗೊಂದು ಕಾಗದ, ಅದರಲ್ಲೂ ಹನ್ನೊಂದೇ ಸಾಲು, ಆ ಹನ್ನೊಂದರಲ್ಲಿ ಆರು ಚಳಿ ಬಗ್ಗೆ! ಬೆಟ್ಟದ ಮೇಲೆ ಚಳಿ ಇರುತ್ತೆ ಅನ್ನೋದು ನನಗೂ ಗೊತ್ತು ಮಹರಾಯರೇ.

"ಮೂರೇ ತಿಂಗಳು, ನೋಡ್ಕೋ" ಅಂತ ಮಗಳನ್ನ ನನ್ನ ಅಂಗಡಿ ಬಾಗಿಲಲ್ಲಿ ಬಿಟ್ಟು ಹೋದ್ರಿ. ಈಗ ಎಂಟನೇ ತಿಂಗಳು ನಡೀತಿದೆ. ಗೊಣಗ್ತಾ ಇದ್ದೀನಿ ಅಂದ್ಕೋಬೇಡಿ, ಲೆಕ್ಕ ಹೇಳ್ದೆ ಅಷ್ಟೆ. ನಿಮ್ಮ ಚಿನಕುರಳಿ ಇಲ್ಲಿ ಅಂಗಡಿಯ ಯಜಮಾನಿ. ಸ್ಕೂಲಿಂದ ನಾಲ್ಕೂವರೆಗೆ ಬರ್ತಾಳೆ, ಬ್ಯಾಗು ಒಂದು ಕಡೆ, ಶೂಸು ಒಂದು ಕಡೆ ಎಸೆದು ಗೋಡೆ ಮೇಲಿನ ಮೂವತ್ತು ಗಡಿಯಾರಕ್ಕೂ ಹಾಜರಿ ಕೂಗ್ತಾಳೆ. ಹಿಂದೆ ಬಿದ್ದದ್ದಕ್ಕೆ ಬೈಗುಳ. ಬೈಯೋದು ನನ್ನಿಂದಲೇ ಕಲಿತದ್ದು ಅಂತ ಎದುರಂಗಡಿ ಟೈಲರ್ ಹೇಳ್ತಾನೆ. ಅವನಿಗೇನು ಗೊತ್ತು, ಅವಳಮ್ಮನ ಬಾಯಿ ಅದು.

ಅದೇ ಟೈಲರ್ ಮೊನ್ನೆ, "ನಿಮ್ಮ ಭಾವ ಬೆಟ್ಟದ ಮೇಲೆ ಏನು ಕೆಲಸ ಮಾಡ್ತಾರೆ?" ಅಂದ. "ಗಡಿಯಾರ ಕಾಯ್ತಾರೆ" ಅಂದೆ. "ಅಲ್ಲಿ ಯಾರಪ್ಪಾ ಕದೀತಾರೆ?" ಅಂದ. ನಿಜವಾಗ್ಲೂ ಕೇಳ್ತೀನಿ, ಅಲ್ಲಿ ಏನು ಮಾಡ್ತಿದ್ದೀರಿ? ಬೆಟ್ಟದ ಮೇಲೆ ಗಡಿಯಾರ ಜೋರಾಗಿ ಓಡುತ್ತೆ ಅಂತ ಸಾಬೀತು ಮಾಡೋಕೆ ಹೋಗಿದ್ದೀರಂತೆ. ನಮ್ಮ ಕಸುಬಿನಲ್ಲಿ ಜೋರಾಗಿ ಓಡೋ ಗಡಿಯಾರಕ್ಕೆ ಕೆಟ್ಟಿದೆ ಅಂತಾರೆ. ಇಲ್ಲಿಗೆ ತನ್ನಿ, ಸರಿ ಮಾಡಿಕೊಡ್ತೀನಿ.

ಕೆಳಗಡೆ ಅವಳೇ ಬರೆದಿದ್ದಾಳೆ. ನಾನು ತಿದ್ದಿಲ್ಲ.

ನಿಮ್ಮ ಭಾವಮೈದ

*ಅಪ್ಪಾ, ನನ್ನ ಮುಂದಿನ ಹಲ್ಲು ಬಿತ್ತು. ಮಾಮ ಅದನ್ನ ಗಡಿಯಾರದ ಸ್ಕ್ರೂ ಡಬ್ಬಿಯಲ್ಲಿ ಇಟ್ಟಿದಾರೆ. ನೀನು ಬಂದಾಗ ತೋರಿಸ್ತೀನಿ. ನೀನು ಯಾವಾಗ ಬರ್ತೀಯ? ಇಲ್ಲಿ ಒಂದು ಬೆಕ್ಕು ಬರತ್ತೆ, ಅದಕ್ಕೆ ಗಂಟೆ ಹೊಡೆದರೆ ಭಯ. ನೀನು ಯಾವಾಗ ಬರ್ತೀಯ?*

&nbsp;

ಜನವರಿ 24

ಪ್ರಿಯ ಭಾವಮೈದ,

ನಿನ್ನ ಬೈಗುಳ ತಲುಪಿತು. ಟಪಾಲು ವ್ಯಾನು ಇಲ್ಲಿಗೆ ಹದಿನೈದು ದಿನಕ್ಕೊಮ್ಮೆ ಬರುತ್ತದೆ, ಎರಡು ದಿನ ನಿಂತು ಇಳಿಯುತ್ತದೆ. ಇರುವ ಒಂದೇ ಫೋನು ಕೆಲಸದ ಮಾತಿಗೆ ಮಾತ್ರ. ಇದು ನೆಪವಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದೆ.

ನೀನು ಕೇಳಿದ್ದಕ್ಕೆ ಉತ್ತರ. ಇಲ್ಲಿರುವ ಗಡಿಯಾರಕ್ಕೆ ಮುಳ್ಳಿಲ್ಲ, ಮುಖವಿಲ್ಲ. ಒಂದು ಮೇಜಿನ ತುಂಬ ಕನ್ನಡಿಗಳು, ಮಧ್ಯೆ ಒಂದು ಉಕ್ಕಿನ ಡಬ್ಬಿ, ಅದರೊಳಗೆ ಕೆಲವು ಅಣುಗಳು. ಅವು ಒಂದೇ ಸಮನೆ ಮಿಡಿಯುತ್ತವೆ, ನಾವು ಎಣಿಸುತ್ತೇವೆ. ಇಂಥದ್ದೇ ಇನ್ನೊಂದು ಗಡಿಯಾರ ನನ್ನ ಮನೆಯಿರುವ ಊರಿನ ಹಳೇ ಲ್ಯಾಬಿನಲ್ಲಿದೆ, ಇಲ್ಲಿಗಿಂತ ಎರಡೂಮುಕ್ಕಾಲು ಕಿಲೋಮೀಟರು ಕೆಳಗೆ. ಎರಡಕ್ಕೂ ನಡುವೆ ಒಂದು ಕೇಬಲ್. ಮೇಲಿನದು ಕೆಳಗಿನದಕ್ಕಿಂತ ದಿನಕ್ಕೆ ಎಷ್ಟು ಮುಂದೆ ಹೋಗುತ್ತದೆ ಗೊತ್ತೇ? ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿದರೆ ಅದರಲ್ಲಿ ಇಪ್ಪತ್ತಾರು ಚೂರು. ಒಂದು ಪೂರ್ತಿ ಸೆಕೆಂಡು ಮುಂದೆ ಹೋಗಲು ಲಕ್ಷ ವರ್ಷ ಬೇಕು.

ಕೆಟ್ಟಿದೆ ಎನ್ನುತ್ತೀಯ. ನಮಗೂ ಮೊದಲು ಬರುವ ಅನುಮಾನ ಅದೇ. ಅದಕ್ಕೇ ಮೇಲೂ ಕೆಳಗೂ ಎರಡು ಬೇರೆ ಬೇರೆ ಜಾತಿಯ ಗಡಿಯಾರ ಇಟ್ಟಿದ್ದೇವೆ. ಅಣು ಬೇರೆ, ಯಂತ್ರ ಬೇರೆ, ಕಟ್ಟಿದವರೂ ಬೇರೆ. ಎರಡೂ ಒಂದೇ ಲೆಕ್ಕದಲ್ಲಿ ಮುಂದೆ ಹೋದರೆ ಅದನ್ನು ಗಡಿಯಾರದ ತಪ್ಪು ಎನ್ನುವುದು ಹೇಗೆ? ದೋಷ ಅನ್ನುವುದು ಯಾವಾಗಲೂ ಒಂದರದ್ದು. ಎಲ್ಲವೂ ಒಟ್ಟಿಗೆ ಬದಲಾದರೆ ಅದು ಸಮಯದ್ದು. ಇಲ್ಲಿ ಕುಳಿತವನಿಗೆ ಏನೂ ಗೊತ್ತಾಗುವುದಿಲ್ಲ. ನನ್ನ ಸೆಕೆಂಡು ನನಗೆ ಸೆಕೆಂಡೇ. ದೂರದ ಇನ್ನೊಂದರ ಜೊತೆ ಹೋಲಿಸಿದಾಗ ಮಾತ್ರ ತಿಳಿಯುತ್ತದೆ.

ನಿನಗೆ ನಗಲು ಒಂದು ವಿಷಯ. ಇಷ್ಟೆಲ್ಲ ಮಾಡುವ ನಾನು ಕೈಗೆ ಕಟ್ಟಿಕೊಂಡಿರುವುದು ಮದುವೆಯಲ್ಲಿ ನಿಮ್ಮ ತಂದೆ ಕೊಟ್ಟ ಅದೇ ಕೀಲಿ ಗಡಿಯಾರ. ಅದು ಎಷ್ಟೋ ವರ್ಷದಿಂದ ದಿನಕ್ಕೆ ಮೂರು ನಿಮಿಷ ಮುಂದೆ. ನಿನ್ನಕ್ಕನಿಗೆ ತೋರಿಸಿದರೆ, "ಅದರ ಜಾಯಮಾನವೇ ಅಷ್ಟು, ರಿಪೇರಿಯಾಗಲ್ಲ" ಎನ್ನುತ್ತಿದ್ದಳು. ಪ್ರತಿ ಸೋಮವಾರ ಸರಿ ಮಾಡಿಕೊಳ್ಳುತ್ತೇನೆ. ಕಳೆದ ವರ್ಷದಿಂದ ಮೂರು ಹೋಗಿ ಐದಾಗಿದೆ. ಅದಕ್ಕೂ ವಯಸ್ಸಾಯಿತು.

ಮಗಳಿಗೆ ಹೇಳು, ಹಲ್ಲು ಜೋಪಾನ. ಕೆಲಸ ಮುಗಿದ ತಕ್ಷಣ ಬರುತ್ತೇನೆ.

ಇಂತಿ ನಿನ್ನ ಭಾವ

&nbsp;

ಫೆಬ್ರವರಿ 20

ಭಾವ,

ಈ ಸಲದ ಕಾಗದ ಪರವಾಗಿಲ್ಲ. ಚಳಿ ಬಗ್ಗೆ ಒಂದೂ ಸಾಲಿಲ್ಲ.

ಆದ್ರೆ ನಿಮ್ಮ ವಾದ ಅಷ್ಟು ಸುಲಭವಾಗಿ ಒಪ್ಪೋನಲ್ಲ ನಾನು. ಅಪ್ಪ ಇದ್ದಾಗ ಒಬ್ಬರು ಗುಡ್ಡದ ಮೇಲಿನ ಬಂಗಲೆಗೆ ನಮ್ಮಿಂದ ದೊಡ್ಡ ಲೋಲಕದ ಗಡಿಯಾರ ತಗೊಂಡು ಹೋದ್ರು. ವಾರಕ್ಕೆ ಎರಡು ನಿಮಿಷ ಹಿಂದೆ ಬೀಳ್ತಿದೆ ಅಂತ ವಾಪಸ್ ತಂದ್ರು. ಇಲ್ಲಿ ನೇತು ಹಾಕಿದ್ರೆ ಸರಿಯಾಗೇ ಓಡ್ತು. ಮತ್ತೆ ಮೇಲೆ ಹೋಯ್ತು, ಮತ್ತೆ ಹಿಂದೆ. ಮೂರು ಸಲ ಮೇಲೂ ಕೆಳಗೂ ಹೊತ್ತ ಮೇಲೆ ಅಪ್ಪ ಹೇಳಿದ್ರು: ಮೇಲೆ ಭೂಮಿಯ ಸೆಳೆತ ಕಮ್ಮಿ ಕಣೋ, ಅದಕ್ಕೆ ಲೋಲಕ ನಿಧಾನ. ಈಗ ನೀವು ಹೇಳಿ. ನನ್ನ ಗಡಿಯಾರ ಬೆಟ್ಟದ ಮೇಲೆ ಹಿಂದೆ, ನಿಮ್ಮದು ಮುಂದೆ. ಸಮಯ ಯಾರ ಕಡೆ? ನನ್ನ ಲೋಲಕಕ್ಕೆ ಸೆಳೆತ ತಗುಲಿದ್ರೆ ಅದು ಯಂತ್ರದ ವಿಷಯ, ನಿಮ್ಮ ಅಣುವಿಗೆ ತಗುಲಿದ್ರೆ ಮಾತ್ರ ಅದು ಸಮಯದ ವಿಷಯ! ದೊಡ್ಡವರ ಮನೆ ಗಡಿಯಾರ ಅಂತ ಬೇರೆ ನ್ಯಾಯವೇ?

ಇನ್ನು ಆ ಕೈಗಡಿಯಾರ. ಮೂರು ಇದ್ದದ್ದು ಐದಾಗೋಕೆ ವಯಸ್ಸು ಕಾರಣ ಅಲ್ಲ. ವಯಸ್ಸಾದ್ರೆ ಎಣ್ಣೆ ಒಣಗಿ ಹಿಂದೆ ಬೀಳುತ್ತೆ, ಮನುಷ್ಯರ ಹಾಗೇ. ಅಲ್ಲಿ ಗಾಳಿ ತೆಳು, ಅದಕ್ಕೆ ಕೆಲವು ಸೆಕೆಂಡು ಮುಂದೆ ಹೋಗಬಹುದು, ಎರಡು ನಿಮಿಷ ಎಲ್ಲಿಂದ ಬಂತು? ವ್ಯಾನಿನವನ ಕೈಲಿ ಕಳಿಸಿ. ರಿಪೇರಿಯಾಗಲ್ಲ ಅಂತ ಅಕ್ಕ ಅಂದಿದ್ದು ನನಗಂತೂ ವಿಚಿತ್ರ ಅನ್ನಿಸ್ತು. ನಮ್ಮಿಬ್ಬರಲ್ಲಿ ಅಪ್ಪನ ಕೈ ಬಂದಿದ್ದು ಅವಳಿಗೆ. ನಿಮ್ಮನೆ ಕಿಟಕಿ ಪಕ್ಕದ ಆ ಸಣ್ಣ ಮೇಜಿನ ಮೇಲೆ ಅವಳು ಸರಿ ಮಾಡದೇ ಬಿಟ್ಟ ಗಡಿಯಾರ ನಾನು ಒಂದೂ ನೋಡಿಲ್ಲ.

ಚಿನಕುರಳಿ ಎತ್ತರವಾಗಿದ್ದಾಳಂತೆ. ಟೈಲರ್ ಹೇಳಿದ. ನನಗೇನೂ ಕಾಣಿಸಲ್ಲಪ್ಪ, ದಿನಾ ನೋಡ್ತೀನಲ್ಲ. ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಗೆರೆ ಎಳೆದು ನೋಡಿದ್ರೆ ಹೌದು, ನೀವು ಬಿಟ್ಟು ಹೋದಾಗಿನ ಗೆರೆಗಿಂತ ಮೂರು ಬೆರಳು ಮೇಲಿದ್ದಾಳೆ.

ನಿಮ್ಮ ಭಾವಮೈದ

*ಅಪ್ಪಾ, ನಾನು ಚೆನ್ನಾಗಿದ್ದೀನಿ. ಹೊಸ ಹಲ್ಲು ಬಂತು.*

&nbsp;

ಮಾರ್ಚ್ 6

ಪ್ರಿಯ ಭಾವಮೈದ,

ಕೈಗಡಿಯಾರ ಕಳಿಸಿದ್ದೇನೆ, ಹತ್ತಿಯಲ್ಲಿ ಸುತ್ತಿ, ಸಕ್ಕರೆ ಡಬ್ಬಿಯಲ್ಲಿಟ್ಟು. ಮಣಿಕಟ್ಟು ಬರಿದಾಗಿದೆ. ಇಷ್ಟು ಸಣ್ಣ ವಸ್ತು ಇಲ್ಲದ್ದು ಇಷ್ಟು ಗೊತ್ತಾಗುತ್ತದೆ ಅಂದುಕೊಂಡಿರಲಿಲ್ಲ.

ನಿನ್ನ ಲೋಲಕದ ಪ್ರಶ್ನೆ ಊಟದ ಮೇಜಿನಲ್ಲಿ ಇಟ್ಟೆ. ನಾವು ಇಲ್ಲಿ ನಾಲ್ಕು ಜನ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವತ್ತು ಮಾತ್ರ ತಟ್ಟೆ ಒಣಗುವವರೆಗೆ ಜಗಳವಾಡಿದೆವು. ನಿನ್ನ ಉಪಕಾರ.

ಲೋಲಕದ ಗಡಿಯಾರ ಒಂಟಿಯಾಗಿ ಗಡಿಯಾರವಲ್ಲ. ಭೂಮಿಯ ಸೆಳೆತವೇ ಅದರ ಸ್ಪ್ರಿಂಗು. ಭೂಮಿ ಅದರದ್ದೊಂದು ಬಿಡಿಭಾಗ. ಬೆಟ್ಟಕ್ಕೆ ಒಯ್ದರೆ ಅದಕ್ಕೆ ಸಡಿಲ ಸ್ಪ್ರಿಂಗು ಹಾಕಿದ ಹಾಗೆ. ನಮ್ಮ ಅಣುವಿನ ಯಂತ್ರದಲ್ಲಿ ಭೂಮಿಯ ಬಿಡಿಭಾಗವಿಲ್ಲ. ಎರಡು ಜಾತಿಯ ಅಣುಗಳಿಗೂ ಸೆಳೆತ ಒಂದೇ ಲೆಕ್ಕದಲ್ಲಿ, ಚೂರೂ ಹೆಚ್ಚುಕಮ್ಮಿಯಿಲ್ಲದೆ ಹೇಗೆ ತಗುಲೀತು? ನಿನ್ನ ಕಡೆಗೂ ಒಂದು ಮಾತು ಬಿಡುತ್ತೇನೆ. ಎಲ್ಲ ಗಡಿಯಾರಗಳನ್ನೂ ತೆಗೆದುಬಿಟ್ಟರೆ ಆಮೇಲೆ ಉಳಿಯುವ "ಸಮಯವೇ" ಎಂಬುದು ಏನು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ಲ. ಅಣು, ಎದೆಬಡಿತ, ಒಲೆಯ ಮೇಲಿನ ಹಾಲು, ಎಲ್ಲವೂ ಒಂದೇ ಮಾತು ಹೇಳಿದರೆ ಅದಕ್ಕೆ ಸಮಯ ಎಂದು ಹೆಸರಿಡುತ್ತೇವೆ, ಅಷ್ಟೆ.

ಈಗ ಕೇಳಲು ಹಿಂಜರಿಯುವ ವಿಷಯ. ಇಲ್ಲೇ ಇನ್ನೆರಡು ವರ್ಷ ಇರಲು ಕೇಳಿದ್ದಾರೆ. ಒಪ್ಪಿಗೆ ಪತ್ರ ಮೇ ಹತ್ತರ ವ್ಯಾನಿನಲ್ಲಿ ಹೋಗಬೇಕು. ಚಿನಕುರಳಿ ನಿನ್ನ ಹತ್ತಿರ ಚೆನ್ನಾಗಿದ್ದಾಳೆ. ಹೋದ ಸಲ ಎರಡೇ ಸಾಲು ಬರೆದಿದ್ದಳು, ಆಟದಲ್ಲಿ ಮುಳುಗಿದ್ದಾಳೆ ಎಂದು ಸಮಾಧಾನವಾಯಿತು. ಈಗ ಅವಳನ್ನು ಕಿತ್ತು ತರುವುದು ಸರಿಯೇ? ನೀನು ಬೇಡ ಎಂದರೆ ಒಂದು ಮಾತೂ ಆಡದೆ ಇಳಿದು ಬರುತ್ತೇನೆ. ನಿನಗೆ ಭಾರವಾದರೆ ಮುಚ್ಚಿಡಬೇಡ.

ನಿನ್ನ ಭಾವ

&nbsp;

ಏಪ್ರಿಲ್ 2

ಭಾವ,

ಗಡಿಯಾರ ಸರಿ ಹೋಯ್ತು. ಒಳಗೆ ಒಂಚೂರು ಕಸ ಇತ್ತು, ತೆಗೆದೆ. ಆರು ದಿನ ಇಟ್ಟು ನೋಡಿದೆ, ಎರಡು ಸೆಕೆಂಡು ಕೂಡ ಆಚೀಚೆ ಹೋಗಿಲ್ಲ. ಅದೇ ಸಕ್ಕರೆ ಡಬ್ಬಿಯಲ್ಲಿ ಕಳಿಸ್ತಿದ್ದೀನಿ.

ಎರಡು ವರ್ಷದ ವಿಷಯ. ಭಾರ ಗೀರ ಏನೂ ಇಲ್ಲ, ಹುಚ್ಚು ಮಾತು. ನಿಮ್ಮಿಷ್ಟ. ಇವಳು ಇಲ್ಲಿ ಹೊಂದಿಕೊಂಡಿದ್ದಾಳೆ. ಸಹಿ ಹಾಕಿ.

ಅಂಗಡಿಯಲ್ಲಿ ಕೆಲಸ ಜಾಸ್ತಿ, ಇಷ್ಟೇ ಈ ಸಲ.

ನಿಮ್ಮ ಭಾವಮೈದ

&nbsp;

ಏಪ್ರಿಲ್ 17

ಪ್ರಿಯ ಭಾವಮೈದ,

ನಿನ್ನ ಕಾಗದ ಇಷ್ಟು ಚಿಕ್ಕದಾದದ್ದು ಇದೇ ಮೊದಲು. ಒಂದೂ ಬೈಗುಳ ಇಲ್ಲ. ಹುಷಾರಾಗಿದ್ದೀಯ ತಾನೆ?

ನಮ್ಮ ಮೊದಲ ಫಲಿತಾಂಶ ಬಂತು. ಎರಡೂ ಜಾತಿಯ ಗಡಿಯಾರಗಳು ಒಂದೇ ಲೆಕ್ಕ ಹೇಳಿದವು. ಮೊದಲೇ ಲೆಕ್ಕ ಹಾಕಿ ಬರೆದಿಟ್ಟಿದ್ದ ಸಂಖ್ಯೆ ಎಷ್ಟೋ ಅಷ್ಟೇ. ಉಳಿದ ಮೂವರು ಕೈಕುಲುಕಿಕೊಂಡರು, ನನ್ನ ಬೆನ್ನು ತಟ್ಟಿದರು. ನಾನು ರೂಮಿಗೆ ಬಂದು, ಯಾರಿಗೆ ಹೇಳಲಿ ಎಂದು ಯೋಚಿಸುತ್ತ ಮಂಚದ ಮೇಲೆ ಕುಳಿತೆ. ಒಂದು ಕಿಟಕಿ, ಕಿಟಕಿಯಾಚೆ ಬಂಡೆ, ಒಂದು ಹೀಟರು. ಹತ್ತು ವರ್ಷ ಲ್ಯಾಬಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ನಿನ್ನಕ್ಕನಿಗೆ ಎಲ್ಲ ಹೇಳುತ್ತಿದ್ದೆ. ಅವಳು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ "ಹೂಂ, ಆಮೇಲೆ?" ಎನ್ನುತ್ತಿದ್ದಳು. ಅವಳಿಲ್ಲದ ಆ ಮನೆಯ ಬೀಗ ತೆಗೆಯಲು ನನಗೆ ಕೈ ಬರುವುದಿಲ್ಲ. ನಾನು ಬಾರದಿರುವುದಕ್ಕೆ ಇಲ್ಲಿ ಕೆಲಸ ಮುಗಿಯದೆ ಇರುವುದಲ್ಲ, ಅದೇ ನಿಜವಾದ ಕಾರಣ. ನಿನಗೆ ಗೊತ್ತಿರಬಹುದು. ಬಾಯಿಬಿಟ್ಟು ಹೇಳಿದ್ದು ಇವತ್ತೇ.

ಕೈಗಡಿಯಾರ ಬಂತು. ನಿನ್ನ ಕೈಗೆ ಏನು ಹೇಳಲಿ, ಒಂದು ವಾರದಲ್ಲಿ ಮೂರೇ ಸೆಕೆಂಡು ತಪ್ಪಿದೆ. ಆದರೆ ಒಂದು ವಿಚಿತ್ರ. ಮೊದಲೆಲ್ಲ ವಾರದ ಕೊನೆಗೆ ಅದು ಕಾಲು ಗಂಟೆ, ಹೋದ ವರ್ಷದಿಂದ ಅದಕ್ಕೂ ಹೆಚ್ಚು, ಮುಂದೆ ಹೋಗಿರುತ್ತಿತ್ತು. ಮುಂದಿದೆ ಎಂದು ಗೊತ್ತಿದ್ದರೂ ಮುಳ್ಳು ಆರಕ್ಕೆ ಬಂದರೆ ಕಾಲು ತಾನಾಗಿ ಏಳುತ್ತಿತ್ತು. ಶನಿವಾರಗಳಲ್ಲಿ ನಾನು ಬೆಳಕಿರುವಾಗಲೇ ಮನೆಯಲ್ಲಿರುತ್ತಿದ್ದೆ. ಇಲ್ಲಿಯೂ ಆ ಅಭ್ಯಾಸ ಹೋಗಿರಲಿಲ್ಲ. ಶನಿವಾರ ಕೆಲಸದ ಮೇಜಿನಿಂದ ಬೇಗ ಎದ್ದು, ಹೋಗಲು ಎಲ್ಲೂ ಇಲ್ಲದೆ, ವ್ಯಾನು ಬರುವ ತಿರುವಿನವರೆಗೆ ನಡೆದು ಬರುತ್ತಿದ್ದೆ. ಈಗ ಗಡಿಯಾರ ಸರಿಯಾಗಿದೆ, ಎದ್ದೇಳುವುದು ಮರೆತುಹೋಗುತ್ತದೆ. ಮೊನ್ನೆ ರಾತ್ರಿ ಎಂಟು ಗಂಟೆಗೆ ಯಾರೋ ಬಂದು ದೀಪ ಹಾಕಿದರು.

ಒಪ್ಪಿಗೆ ಪತ್ರ ತುಂಬಿ ಇಟ್ಟಿದ್ದೇನೆ, ಮೇ ಹತ್ತಕ್ಕೆ ಹೋಗುತ್ತದೆ. ಮಗಳು ಈ ಸಲ ಏನೂ ಬರೆದಿಲ್ಲ. ಪರೀಕ್ಷೆ ಇರಬೇಕು. ಚೆನ್ನಾಗಿ ಓದಲಿ.

ನಿನ್ನ ಭಾವ

&nbsp;

ಏಪ್ರಿಲ್ 29

ಭಾವ,

ಈ ಕಾಗದ ಮೇ ಹತ್ತರ ಒಳಗೆ ನಿಮ್ಮ ಕೈ ಸೇರಲೇಬೇಕು ಅಂತ ವ್ಯಾನು ಹೊರಡೋ ಊರಿಗೆ ನಾನೇ ಬಸ್ಸಲ್ಲಿ ಹೋಗಿ ಕೊಟ್ಟು ಬರ್ತೀನಿ. ಓದಿದ ಮೇಲೆ ಎಷ್ಟು ಬೇಕಾದ್ರೂ ಬೈಯಿರಿ. ಈ ಸಲ ನಿಮ್ಮ ಸರದಿ.

ನಿಮ್ಮ ಗಡಿಯಾರದಲ್ಲಿ ಕಸ ಇರಲಿಲ್ಲ. ನಾನು ಸುಳ್ಳು ಹೇಳಿದೆ.

ಹಿಂದಿನ ಮುಚ್ಚಳ ಬಿಚ್ಚಿದಾಗ ಒಳಗೆ ಎಲ್ಲ ತೊಳೆದಿಟ್ಟ ಹಾಗಿತ್ತು. ಎಣ್ಣೆ ಇನ್ನೂ ಹಸಿಯಾಗಿತ್ತು. ಒಳಗೆ ಒಂದು ಕಡ್ಡಿ ಇರುತ್ತೆ, ಒಂದು ಕಡೆಗೆ ಸರಿಸಿದ್ರೆ ಗಡಿಯಾರ ಬೇಗ, ಇನ್ನೊಂದು ಕಡೆಗೆ ನಿಧಾನ. ಆ ಕಡ್ಡಿ ಬೇಗದ ಕಡೆಗೆ, ಕೊನೇ ತುದಿಗೆ ತಳ್ಳಿತ್ತು. ತಾನಾಗಿ ಅದು ಸರಿಯಲ್ಲ. ಇಷ್ಟು ಚೊಕ್ಕವಾದ ಗಡಿಯಾರದಲ್ಲಿ ಕಡ್ಡಿ ಅಲ್ಲಿದ್ರೆ ಅದು ಕಾಯಿಲೆ ಅಲ್ಲ, ಯಾರೋ ಬೇಕಂತ ಮಾಡಿದ್ದು.

ಯಾರು ಅಂತ ಮುಚ್ಚಳದ ಒಳಗೆ ಬರೆದಿತ್ತು. ಗಡಿಯಾರ ಬಿಚ್ಚಿದವರು ಒಳಗೆ ಸೂಜಿಯಿಂದ ತಾರೀಖು ಗೀರೋದು ಎಲ್ಲ ರಿಪೇರಿಯವರ ಅಭ್ಯಾಸ. ನಮ್ಮ ಅಪ್ಪನದು ಇನ್ನೂ ಒಂದು ಪದ್ಧತಿ ಇತ್ತು: ಕಡ್ಡಿ ಸರಿಸಿದ್ರೆ ತಾರೀಖಿನ ಪಕ್ಕ ನಿಮಿಷಕ್ಕೊಂದು ಗೀರು. ನನಗೂ ಅಕ್ಕನಿಗೂ ಕಿವಿ ಹಿಂಡಿ ಕಲಿಸಿದ್ದು. ನಿಮ್ಮ ಗಡಿಯಾರದಲ್ಲಿ ಮೊದಲ ತಾರೀಖು ಅಪ್ಪನದು. ಆಮೇಲಿನದೆಲ್ಲ ಅಕ್ಕನ ಕೈ. ಚಿನಕುರಳಿ ಹುಟ್ಟಿದ ವರ್ಷದ ತಾರೀಖು, ಪಕ್ಕದಲ್ಲಿ ಮೂರು ಗೀರು. ಆಮೇಲೆ ವರ್ಷಕ್ಕೊಂದು ತಾರೀಖು, ಬರೀ ಎಣ್ಣೆ ಹಾಕಿದ್ದಕ್ಕೆ, ಗೀರಿಲ್ಲ.

ಈಗ ಅರ್ಥ ಆಗ್ತಿದೆ. ಒಂದು ಸಲ ಅವಳು ನನ್ನ ಹತ್ರ, "ನಿಮ್ಮ ಭಾವ ವಾರದ ಕೊನೆಗೆ ಬೇಗ ಮನೆಗೆ ಬರ್ತಾರೆ ಕಣೋ, ಯಾಕೆ ಅಂತ ಪಾಪ ಅವರಿಗೇ ಗೊತ್ತಿಲ್ಲ" ಅಂತ ಹೇಳಿ ಬಿದ್ದು ಬಿದ್ದು ನಕ್ಕಿದ್ದಳು. ನನಗೆ ಆಗ ಏನೂ ಹೊಳೀಲಿಲ್ಲ.

ಕೊನೇ ತಾರೀಖು ಹೇಳ್ತೀನಿ, ಕೂತ್ಕೊಂಡು ಓದಿ. ಹೋದ ವರ್ಷ ಮಾರ್ಚ್ ಮೂರು. ಅವಳು ಹೋಗೋಕೆ ಹನ್ನೊಂದು ದಿನ ಮೊದಲು. ನೀವು ಸ್ನಾನಕ್ಕೆ ಹೋದಾಗ ಅವಳು ನನ್ನ ಕರೆದು ಭೂತಗನ್ನಡಿ, ಸೂಜಿ, ಸಣ್ಣ ಸ್ಕ್ರೂಡ್ರೈವರ್ ಹಾಸಿಗೆಗೆ ತಂದುಕೊಡು ಅಂದಳು. ಮಲಗಿ ಮಲಗಿ ಬೇಜಾರಾಗಿದೆ, ಏನಾದರೂ ಕೆರೀತಾಳೆ ಬಿಡು ಅಂತ ಕೊಟ್ಟು ಹೊರಗೆ ಹೋದೆ. ಆ ತಾರೀಖಿನ ಅಕ್ಷರ ಸೊಟ್ಟಗಿದೆ ಭಾವ. ಅಕ್ಕನ ಕೈ ಯಾವತ್ತೂ ಸೊಟ್ಟ ಹೋಗಿರಲಿಲ್ಲ. ಪಕ್ಕದಲ್ಲಿ ಎರಡು ಗೀರು. ಮೂರು ಇದ್ದದ್ದು ಐದು.

ಯಾರಿಗೋಸ್ಕರ? ಸಂಜೆ ಮನೇಲಿ ತಾನು ಇರಲ್ಲ ಅನ್ನೋದು ಅವಳಿಗೆ ಅಷ್ಟೊತ್ತಿಗೆ ಚೆನ್ನಾಗಿ ಗೊತ್ತಿತ್ತು. ಇರೋದು ಒಬ್ಬಳೇ, ಎಂಟು ವರ್ಷದವಳು.

ನಾನು ಇದನ್ನೆಲ್ಲ ನೋಡಿ ಏನು ಮಾಡಿದೆ ಗೊತ್ತಾ? ಕಡ್ಡಿ ಮಧ್ಯಕ್ಕೆ ತಂದೆ, ಮುಚ್ಚಳ ಹಾಕಿದೆ, ಕಸ ಇತ್ತು ಅಂತ ಬರೆದೆ. ನಿಮಗೆ ಹೇಳಿದ್ರೆ ನೀವು ಇಳಿದು ಬರ್ತೀರಿ, ನೀವು ಬಂದ್ರೆ ಇವಳು ಹೋಗ್ತಾಳೆ. ಇಷ್ಟೇ ಕಾರಣ. ನಲವತ್ತು ದಾಟಿದವನು, ಒಂಟಿ ಜೀವ, ಮೂವತ್ತು ಗಡಿಯಾರದ ಜೊತೆ ಬದುಕಿದವನು. ಸಂಜೆ ನಾಲ್ಕೂವರೆಗೆ ಒಬ್ಬರು ಬಾಗಿಲು ದೂಡ್ಕೊಂಡು ಬರ್ತಾರೆ ಅನ್ನೋದು ಏನು ಅಂತ ನನಗೆ ಈ ವರ್ಷ ಗೊತ್ತಾಯ್ತು.

ಇನ್ನೊಂದು ಮುಚ್ಚಿಟ್ಟಿದ್ದೆ. ಅವಳು ಕಾಗದದಲ್ಲಿ ಬರೀತಿಲ್ಲ ಅಂದ್ರೆ ಪರೀಕ್ಷೆ ಅಲ್ಲ, ಆಟ ಅಲ್ಲ. "ಅಪ್ಪಂಗೆ ಒಂದು ಸಾಲು ಬರಿಯೇ" ಅಂದ್ರೆ "ಏನಂತ ಬರೀಲಿ?" ಅಂತಾಳೆ. ಯಾವಾಗ ಬರ್ತಾರೆ ಅಂತ ಕೇಳೋದು ಬಿಟ್ಟು ಮೂರು ತಿಂಗಳಾಯ್ತು. ಆ ಬಾಯಿ ಎಲ್ಲಿ ಹೋಯ್ತೋ, ಗಡಿಯಾರಕ್ಕೂ ಬೈಯಲ್ಲ ಈಗ. ಹೋದ ವಾರ ಸ್ಕೂಲಿನ ಫಾರಂನಲ್ಲಿ ಮನೆಯವರ ಹೆಸರು ಅನ್ನೋ ಕಡೆ ಯಾರನ್ನೂ ಕೇಳದೆ ನನ್ನ ಹೆಸರು ಬರೆದು ತಂದಳು. ನನಗೆ ಖುಷಿಯಾಯ್ತು. ಕಳ್ಳನಿಗೆ ಆಗೋ ಖುಷಿ.

ಅಪ್ಪ ಹೇಳ್ತಿದ್ರು, ರಿಪೇರಿಗೆ ಬಂದದ್ದನ್ನ ಕೆಡಿಸಿದ್ರೂ ಕ್ಷಮೆ ಇದೆ, ಕೆಡದೇ ಇದ್ದದ್ದನ್ನ ಬಿಚ್ಚಿದ್ರೆ ಇಲ್ಲ ಅಂತ. ನಾನು ನಮ್ಮಕ್ಕನ ಕೊನೇ ಕೆಲಸ ಅಳಿಸಿಬಿಟ್ಟೆ.

ಇನ್ನು ನಿಮ್ಮಿಷ್ಟ ಅಂತ ಬರೆಯಲ್ಲ. ಬನ್ನಿ.

ನಿಮ್ಮ ಭಾವಮೈದ

&nbsp;

ಮೇ 9

ಪ್ರಿಯ ಭಾವಮೈದ,

ಒಪ್ಪಿಗೆ ಪತ್ರ ಹರಿದೆ. ಈ ಕಾಗದವನ್ನೂ ನನ್ನನ್ನೂ ನಾಳೆ ಒಂದೇ ವ್ಯಾನು ತರುತ್ತದೆ. ಯಾವುದು ಮೊದಲು ನಿನ್ನ ಬಾಗಿಲಿಗೆ ಬರುತ್ತದೋ ಗೊತ್ತಿಲ್ಲ. ಎದುರಿಗೆ ನಿಂತರೆ ಬಾಯಿ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ಮೇಲೆ ಸಿಟ್ಟು ಬರಲಿ ಎಂದು ಒಂದು ದಿನ ಕಾದೆ. ಬರಲಿಲ್ಲ. ನೂರು ಕೋಟಿಯಲ್ಲಿ ಇಪ್ಪತ್ತಾರು ಚೂರು ಹಿಡಿದವನಿಗೆ ಮಣಿಕಟ್ಟಿನ ಮೇಲಿನ ಮೂರು ನಿಮಿಷ ಏಕೆಂದು ಎಂಟು ವರ್ಷ ಗೊತ್ತಾಗಲಿಲ್ಲ. ಒಂದು ಗಡಿಯಾರ ಮಾತ್ರ ತಪ್ಪಿದರೆ ಅದು ದೋಷ ಎಂದು ನಿನಗೆ ಪಾಠ ಹೇಳಿದವನು ನಾನು. ದೋಷವಲ್ಲದ್ದು ಇನ್ನೊಂದಿದೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಗಳು ನನ್ನನ್ನು ನೋಡಿ ಒಳಗೆ ಹೋದರೆ ಬೇಸರ ಮಾಡಿಕೊಳ್ಳುವುದಿಲ್ಲ. ಹೊರಗೆ ಕೂರುತ್ತೇನೆ.

ಕಡ್ಡಿಯನ್ನು ಮತ್ತೆ ನಿನ್ನಕ್ಕ ಇಟ್ಟ ಜಾಗಕ್ಕೆ ಸರಿಸಿಕೊಡು.

ನಿನ್ನ ಭಾವ

&nbsp;

ಜುಲೈ 14

ಭಾವ,

ನಿಮ್ಮ ಕಾಗದ ಬಂತು. ನಾಲ್ಕು ಪುಟ! ಯಾರ ಕೈವಾಡ ಅಂತ ಗೊತ್ತು. ಮಧ್ಯೆ ಮಧ್ಯೆ "ಇದನ್ನೂ ಬರಿ ಅಪ್ಪಾ" ಅಂತ ಪೆನ್ನು ಕಿತ್ಕೊಂಡು ಬರೆದದ್ದೂ ನೋಡಿದೆ. ನೀವಿಬ್ಬರೂ ಊರು ಸೇರಿದ ದಿನ ಮನೆ ಬೀಗದ ಕೀಲಿ ಅವಳೇ ತಿರುಗಿಸಿದಳು ಅಂತ ಬರೆದಿದ್ದೀರಲ್ಲ, ಅದನ್ನ ಎರಡು ಸಲ ಓದಿದೆ. ಹಳೇ ಲ್ಯಾಬಿನಲ್ಲಿ ಕೆಳಗಿನ ಗಡಿಯಾರದ ಪಕ್ಕ ನಿಮಗೆ ಮತ್ತೆ ಕುರ್ಚಿ ಸಿಕ್ಕಿತಲ್ಲ, ಒಳ್ಳೇದಾಯ್ತು. ಲಕ್ಷ ವರ್ಷಕ್ಕೆ ಒಂದು ಸೆಕೆಂಡು ಲಾಭ ಹೋಯ್ತು ನಿಮಗೆ, ಹೋಗ್ಲಿ ಬಿಡಿ.

ನಿಮ್ಮ ಗಡಿಯಾರದಲ್ಲಿ ಅಕ್ಕನ ಕೊನೇ ತಾರೀಖಿನ ಕೆಳಗೆ ನನ್ನದೂ ಒಂದು ಇದೆ, ನೀವು ಬಂದ ದಿನದ್ದು. ಪಕ್ಕದಲ್ಲಿ ಐದು ಗೀರು. ಬಿಚ್ಚಿ ನೋಡಬೇಡಿ, ನಂಬಿ.

ಇಲ್ಲಿ ಏನು ವಿಶೇಷ ಅಂದ್ರೆ ಏನೂ ಇಲ್ಲ. ಬೆಕ್ಕು ಬರುತ್ತೆ, ಒಂದು ಸುತ್ತು ನೋಡುತ್ತೆ, ಹೋಗುತ್ತೆ. ಬಾಗಿಲ ಚೌಕಟ್ಟಿನ ಗೆರೆಗೆ ಬಣ್ಣ ಹೊಡೀಬೇಡ ಅಂತ ಪೇಂಟರಿಗೆ ಹೇಳಿದ್ದೀನಿ. ಮೂವತ್ತು ಗಡಿಯಾರವೂ ಸರಿಯಾಗಿ ಓಡ್ತಿವೆ, ಬೈಯೋಕೆ ಒಂದೂ ಸಿಗಲ್ಲ. ಆದ್ರೂ ನಾಲ್ಕೂವರೆಯಿಂದ ಏಳರ ತನಕ ಹೊತ್ತೇ ಹೋಗಲ್ಲ ಭಾವ. ನಿಮ್ಮ ಶಾಸ್ತ್ರದ ಪ್ರಕಾರ ಯೋಚನೆ ಮಾಡಿದೆ. ಗೋಡೆ ಮೇಲಿನ ಎಲ್ಲವೂ ಒಟ್ಟಿಗೆ ನಿಧಾನ ಆಗಿದ್ರೆ ಅದು ಸಮಯದ್ದು. ಅವು ಆಗಿಲ್ಲ, ಎದುರಂಗಡಿ ಟೈಲರಿಗೂ ಆಗಿಲ್ಲ, ಕೇಳಿದೆ. ನನಗೊಬ್ಬನಿಗೇ. ಅಂದ್ಮೇಲೆ ಇದು ದೋಷವೇ. ಎಲ್ಲಿ ಬಿಚ್ಚಿ ನೋಡೋದು ಅಂತ ಗೊತ್ತಾಗ್ತಿಲ್ಲ.

ಈ ಕಾಗದದ ಜೊತೆ ಒಂದು ಸಕ್ಕರೆ ಡಬ್ಬಿ ಇದೆ. ಒಳಗಿರೋದು ಅಕ್ಕ ಸಣ್ಣವಳಿದ್ದಾಗ ಸ್ಕೂಲಿಗೆ ಕಟ್ಟಿಕೊಂಡು ಹೋಗ್ತಿದ್ದ ಸಣ್ಣ ಗಡಿಯಾರ. ಪಟ್ಟಿಗೆ ಇನ್ನೊಂದು ತೂತು ಮಾಡಿದ್ದೀನಿ, ನಿಮ್ಮ ಮಗಳ ಕೈಗೆ ಸರಿಯಾಗುತ್ತೆ. ಕೆಳಗಿನದು ಅವಳಿಗೆ ಓದಿ ಹೇಳಿ.

ಚಿನಕುರಳಿ, ಇದಕ್ಕೆ ದಿನಾ ಬೆಳಿಗ್ಗೆ ಹತ್ತು ಸಲ ಕೀಲಿ ಕೊಡು, ಹನ್ನೊಂದು ಬೇಡ. ನೀರಿಗೆ ಹಾಕಬೇಡ. ರಜೆ ಶುರುವಾದ ದಿನ ಮೊದಲನೇ ಬಸ್ಸಿಗೆ ಅಪ್ಪನ್ನ ಎಳ್ಕೊಂಡು ಬರಬೇಕು ಅಂತ ಮಾತಾಗಿದೆ, ನೆನಪಿದೆ ತಾನೆ? ನಿನ್ನ ಹಲ್ಲು ಇನ್ನೂ ಸ್ಕ್ರೂ ಡಬ್ಬಿಯಲ್ಲೇ ಇದೆ. ಈ ಗಡಿಯಾರ ದಿನಕ್ಕೆ ಮೂರು ನಿಮಿಷ ಮುಂದೆ ಹೋಗುತ್ತೆ. ಕೆಟ್ಟಿದೆ ಅಂತ ಯಾರು ಹೇಳಿದ್ರೂ ರಿಪೇರಿಗೆ ಕೊಡಬೇಡ.

ನಿನ್ನ ಮಾಮ